ಹೊರಳಿಸುವ ಕೈ

ನನ್ನ ಗಂಡ ಮಂಚದ ಮೇಲೆ ಮಲಗಿದ್ದರು ಎಂದು ಬರೆದು ಹೊಡೆದು ಹಾಕಿದೆ. ಚಿನ್ನದ ಗಣಿ ಕೆಲಸಗಾರರ ಊರಿಗಾಂ ಲೈನಿನ ಆ ಮನೆಯಲ್ಲಿ ಮಂಚವಿತ್ತೇ? ಐವತ್ತರ ದಶಕದ ಕೊನೆ ಇರಬೇಕು. ಮಂಚದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಹೊಟ್ಟೆಕಿಚ್ಚಿನ ವಿಷಯದಲ್ಲಿ ನಂಬಬಹುದು.

ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಬೆಳಿಗ್ಗೆ ಚುಚ್ಚುತ್ತಿದ್ದ ಸೂಜಿಮದ್ದು ಮಧ್ಯಾಹ್ನದ ತನಕ ನೋವು ತಡೆಯುತ್ತಿತ್ತು. ಆಮೇಲೆ ಮಗ್ಗುಲು ಬದಲಿಸಬೇಕು, ಬದಲಿಸಿದರೆ ಪ್ರಾಣ ಹಿಂಡುವ ನೋವು. ನಾನು ಹೆಗಲು ಹಿಡಿದು ಎಳೆದರೆ ಸೊಂಟ ಹಿಂದೆ ಉಳಿಯುತ್ತಿತ್ತು, ಅವರು ಕಿರುಚುತ್ತಿದ್ದರು.

ಅವರ ಕೆಲಸದ ಜೋಡಿಯವನಿಗೆ ನೋಯದಂತೆ ಹೊರಳಿಸುವುದು ಬರುತ್ತಿತ್ತು. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಕಂಬ ಕೊಡುತ್ತಿದ್ದವರು ಇಬ್ಬರೂ. ಪಾಳಿ ಮುಗಿಸಿ ಬಂದವನು ಅವರ ಮೊಣಕಾಲುಗಳ ನಡುವೆ ದಿಂಬಿಟ್ಟು, ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, ಅವರು ಉಸಿರು ಬಿಡುವ ತನಕ ಕಾಯುತ್ತಿದ್ದ. ಆಮೇಲೆ ಇಡೀ ಮೈ, ಎಲ್ಲೂ ಬಳುಕದೆ, ಮರದ ದಿಮ್ಮಿಯಂತೆ ಒಂದೇ ಸಲ ಹೊರಳುತ್ತಿತ್ತು.

“ಏನ್ಲಾ ದಿಮ್ಮಿ, ಗೆದ್ಲು ಇಡ್ಕಂಡೈತಾ?”

“ನಿನ್ ಮಕಕ್ಕೆ ಇಡ್ಕಳ್ಳಿ, ಓಗ್ಲಾ!”

ಇಬ್ಬರೂ ನಗುತ್ತಿದ್ದರು. ನನ್ನ ಕೈಗೆ ಕಿರುಚಿದ ಬಾಯಿ ಅವನ ಕೈಗೆ ನಗುವುದನ್ನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಅವನು ಬರದಿರಲಿ ಎಂದು ಬೇಡಿಕೊಂಡದ್ದೂ ಉಂಟು. ಬರದಿದ್ದರೆ ನರಳುವವರು ಯಾರೆಂದು ಗೊತ್ತಿದ್ದೇ ಬೇಡಿಕೊಂಡೆ.

ಕದ್ದು ನೋಡಿ ಕಲಿತೆ. ಅವರು ನಿದ್ದೆ ಹೋದಾಗ ಹಿತ್ತಲಲ್ಲಿ ರಾಗಿ ಮೂಟೆಯನ್ನು ಹೊರಳಿಸಿ ಕೈ ಪಳಗಿಸಿದೆ.

ಒಂದು ದಿನ ಅವನು ಬರುವುದು ತಡವಾಯಿತು.

“ನಾನೇ ತಿರುಗಿಸ್ತೀನಿ,” ಎಂದೆ.

“ಬ್ಯಾಡ ಕಣೇ. ಅವ್ನೇ ಬರ್ಲಿ.”

“ಯಾಕೆ? ನಾನೇನ್ ಬೀದೀಲಿ ಓಗೋಳಾ?”

“ಅವ್ನ್ ಕೈ ನಡುಗಲ್ಲ.”

ಸ್ವಲ್ಪ ಹೊತ್ತಿಗೆ ನೋವಿನಲ್ಲೇ ಮಂಪರು ಬಂತು. ನಾನು ದಿಂಬಿಟ್ಟೆ. ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ. ಉಸಿರು ಬಿಡಲೆಂದು ಕಾದೆ, ಬಿಟ್ಟರು, ಹೊರಳಿಸಿದೆ. ಕಿರುಚಲಿಲ್ಲ. ಹಣೆಯ ಗಂಟು ಸಡಿಲವಾಯಿತು. ಕಣ್ಣು ತೆರೆಯದೆ ಕೇಳಿದರು:

“ಈಗ್ ಬಂದ್ಯೇನ್ಲಾ?”

ಹಾಗೆ ಕೇಳಿದರೋ, ನನ್ನ ಹೊಟ್ಟೆಕಿಚ್ಚು ಆಮೇಲೆ ಸೇರಿಸಿತೋ, ಈಗ ಹೇಳಲಾರೆ. ನಾನು “ಊಂ,” ಎಂದದ್ದಂತೂ ನಿಜ, ಅದೂ ಗಂಡಸಿನ ದನಿಯಲ್ಲಿ. ನಿದ್ದೆ ಹೋದರು.

ಅಷ್ಟರಲ್ಲಿ ಜೋಡಿಯವನು ಓಡಿ ಬಂದು ಬಾಗಿಲಲ್ಲಿ ನಿಂತ. ಮೈಯೆಲ್ಲ ಗಣಿಯ ಧೂಳು.

“ತಡ ಆಗೋಯ್ತು ತಂಗಿ. ನನ್ನ ಕೇಳಿದ್ನಾ?”

“ಇಲ್ಲಣ್ಣ,” ಎಂದೆ. “ನಿಮ್ಮ ಸುದ್ದೀನೇ ಎತ್ತಲಿಲ್ಲ.”