ಹೆದರಿಕೆಯ ಜಾಗ

ಅಥವಾ ಅವಳು ನಗಲೇ ಇಲ್ಲವೇನೋ. ಪರದೆಯ ಆಚೆಯಿಂದ ಬಂದದ್ದು ನಗು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ; ಹೇಳಿ ಹೇಳಿ ಅದು ನಗುವೇ ಆಗಿಹೋಗಿದೆ. ಟೆಂಟಿನ ನಡುವೆ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸಲು ಕಟ್ಟಿದ್ದ ಗೋಣಿತಟ್ಟಿನ ಅಡ್ಡ ಪರದೆ, ಅದರಲ್ಲಿ ಯಾರೋ ಬೀಡಿಯಿಂದ ಸುಟ್ಟಿದ್ದ ತೂತುಗಳು, ಆ ತೂತುಗಳಲ್ಲಿ ಆಗಾಗ ಹೊಳೆಯುತ್ತಿದ್ದ ಒಂದು ಮೂಗುಬಟ್ಟು, ಎಲ್ಲವೂ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಆದರೆ ಆ ಸದ್ದನ್ನು ಮತ್ತೆ ಕೇಳಿಸಿಕೊಳ್ಳಲು ಹೋದರೆ ಒಮ್ಮೆ ನಗುವಾಗಿ, ಒಮ್ಮೆ ಕಿರುಚಿದಂತೆ ಕೇಳುತ್ತದೆ. ಇನ್ನೊಮ್ಮೆ ನನ್ನದೇ ಗಂಟಲಿನಿಂದ ಹೊರಟಂತೆ ಕೇಳುತ್ತದೆ. ನೀವು ನನ್ನ ಸ್ನೇಹಿತರು ಎಂದುಕೊಂಡು ಮೊದಲೇ ಹೇಳಿಬಿಡುತ್ತೇನೆ: ಮುಂದೆ ಹೇಳುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಹೊಲಿದದ್ದು ಎಂಬ ಲೆಕ್ಕ ನನ್ನ ಬಳಿ ಇಲ್ಲ.

ಅವಳು ಎಂದರೆ ನನ್ನ ಅಕ್ಕ ಗಂಗಕ್ಕ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಿಕಾರಿಪುರದ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಹರಿದು ಕೊಡುವ ಕೆಲಸದಲ್ಲಿದ್ದೆ. ಅಕ್ಕನನ್ನು ಸೊರಬದ ಆಚೆ, ಕ್ಯಾಸನೂರಿನ ಕಾಡಿಗೆ ಅಂಟಿಕೊಂಡಂತಿದ್ದ ಒಂದು ಹಳ್ಳಿಗೆ ಕೊಟ್ಟಿತ್ತು. ನಮ್ಮೆರಡು ಕಡೆಗೂ ಸೇರಿ ಒಂದೇ ಟೆಂಟ್ ಸಿನಿಮಾ. ಸೊರಬದಲ್ಲಿ ಕೆಲವು ವಾರ ಆಡಿ, ಕಂಬ, ತಗಡು, ಇಂಜಿನ್ನು ಎಲ್ಲವನ್ನೂ ಲಾರಿಗೇರಿಸಿಕೊಂಡು ಅದು ಶಿಕಾರಿಪುರಕ್ಕೆ ಬರುತ್ತಿತ್ತು. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಬಸ್ಸು ಹತ್ತಿ ಸೊರಬಕ್ಕೆ ಹೋಗಿ ಎಲ್ಲರಿಗಿಂತ ಮೊದಲು ನೋಡಿ ಬಂದು, ಅಂಗಡಿಯ ಜಗಲಿಯ ಮೇಲೆ ಕಥೆ ಹೇಳಿ ಮೆರೆಯುವುದು ಆಗ ನನ್ನ ದೊಡ್ಡಸ್ತಿಕೆ. ಅಕ್ಕ, ಭಾವ ರುದ್ರಪ್ಪ, ಅಕ್ಕನ ಅತ್ತೆ ನೀಲಮ್ಮ ಮೂವರೂ ಗಾಡಿ ಕಟ್ಟಿಕೊಂಡು ಸಂಜೆಯ ಆಟಕ್ಕೆ ಬರುತ್ತಿದ್ದರು. ಆ ಮನೆಯಲ್ಲಿ ಎಲ್ಲರಿಗೂ ಸಿನಿಮಾದ ಹುಚ್ಚು, ಆದರೆ ಒಬ್ಬೊಬ್ಬರದು ಒಂದೊಂದು ಬಗೆ.

ಭಾವನಿಗೆ ಅಳಿಸುವ ಚಿತ್ರಗಳೇ ಆಗಬೇಕು. ಅದಕ್ಕೆಂದೇ ಹೆಗಲ ಮೇಲೆ ಇನ್ನೊಂದು ಟವೆಲ್ಲು ಹಾಕಿಕೊಂಡು ಬರುತ್ತಿದ್ದರು. ಸಂಸಾರ ಮುರಿದು ಕೂಡುವುದು, ಕಳೆದುಹೋದ ಮಗು ಸಿಕ್ಕುವುದು, ಕೆಟ್ಟ ಅತ್ತೆ ಕೊನೆಗೆ ಸೊಸೆಯ ಕೈ ಹಿಡಿಯುವುದು ಇವೆಲ್ಲ ಅವರಿಗೆ ಊಟವಿದ್ದಂತೆ. ನನಗೆ ದೆವ್ವದ ಚಿತ್ರಗಳು. ಹೆದರಿಸಿಕೊಳ್ಳಲು ನಾನು ದುಡ್ಡು ಕೊಡುತ್ತೇನೆಂದು ಭಾವ ಹಂಗಿಸುತ್ತಿದ್ದರು. ಅಳಲು ಅವರು ಕೊಡುತ್ತಾರೆಂದು ನಾನು ತಿರುಗಿ ಹಂಗಿಸುತ್ತಿದ್ದೆ. ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ದೀಪ ಹತ್ತಿ, ಹೊಸ ರೀಲು ಏರುವವರೆಗೆ ಇಡೀ ಟೆಂಟು ಚರ್ಚೆಗೆ ಇಳಿಯುತ್ತಿತ್ತು. ಮುಂದೇನಾಗುತ್ತದೆ, ಯಾರು ಸಾಯುತ್ತಾರೆ, ಯಾರು ಸಾಯಬೇಕಿತ್ತು ಎಂದು ಎಲ್ಲರೂ ಎಲ್ಲರೊಂದಿಗೆ ಮಾತಾಡುತ್ತಿದ್ದರು. ಗೋಣಿಯ ಆಚೆಯಿಂದ ಹೆಂಗಸರ ಗುಜುಗುಜು ಮಾತ್ರ ಕೇಳುತ್ತಿತ್ತು, ಅದರೊಳಗೆ ಬಿಡಿಸಿ ಕೇಳುವಂತಿದ್ದದ್ದು ಅಕ್ಕನ ದನಿಯೊಂದೇ.

ಆ ಸಲದ ಚಿತ್ರ ತಮಿಳಿನದೋ ತೆಲುಗಿನದೋ ಮರೆತಿದ್ದೇನೆ. ಸತ್ತ ಸೊಸೆಯೊಬ್ಬಳು ನಡುಹಗಲಲ್ಲಿ ಅಡುಗೆಮನೆಗೆ ಬಂದು ಒಲೆ ಹಚ್ಚುತ್ತಾಳೆ. ಊದುಕೊಳವೆ ತಾನಾಗಿ ಮೇಲೇಳುತ್ತದೆ, ಬೆಂಕಿ ಹೊತ್ತಿಕೊಳ್ಳುತ್ತದೆ, ಆ ಬೆಳಕಿನಲ್ಲಿ ಮೊದಲು ಬಳೆಗಳು, ಆಮೇಲೆ ಮುಖ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆ ಮುಖ ಕಂಡ ಕ್ಷಣದಲ್ಲೇ ಗೋಣಿ ಪರದೆಯ ಆಚೆಯಿಂದ ಆ ಸದ್ದು ಬಂತು. ರೀಲು ಮುಗಿದು ದೀಪ ಹತ್ತಿದಾಗ ಅಕ್ಕನ ಮಾತು ಕೇಳಿತು.

"ಸತ್ತ ಮೇಲೂ ಒಲೆ ಹಚ್ಚಾಕೆ ಬರಬೇಕೇನ್ರೇ ಆಕೀ? ಸತ್ತಾದ್ರೂ ಕುಂತ್ಕಳಬಾರ್ದಾ?"

ಹೆಂಗಸರ ಕಡೆಯೆಲ್ಲ ನಗೆಯೆದ್ದಿತು. ನೀಲಮ್ಮ ಗದರಿದ್ದೂ ಕೇಳಿತು. ನೋಡಿ, ಈ ಮಾತು ನನಗೆ ಅಕ್ಷರ ಬಿಡದಂತೆ ನೆನಪಿದೆ. ಅದಕ್ಕೇ ಅದರ ಹಿಂದಿನ ಸದ್ದೂ ನಗುವೇ ಇರಬೇಕು ಎಂದುಕೊಳ್ಳುತ್ತೇನೆ. ಆದರೆ ಕಿರುಚಿದವರೂ ದೀಪ ಹತ್ತಿದ ಮೇಲೆ ತಮಾಷೆ ಮಾಡುತ್ತಾರಲ್ಲವೇ? ನಾನಂತೂ ಮಾಡುತ್ತಿದ್ದೆ.

ಅಕ್ಕನಿಗೆ ಜ್ವರ ಬಂದಿದೆಯೆಂಬ ಸುದ್ದಿ ತಂದವನು ಸೊರಬದ ಬಸ್ಸಿನ ಕಂಡಕ್ಟರು. ಆಟ ನೋಡಿ ಎಷ್ಟು ದಿನವಾಗಿತ್ತೋ, ಒಂದು ವಾರವಿರಬಹುದು. ಆ ಹೊತ್ತಿಗೆ ಟೆಂಟು ಕಿತ್ತು ನಮ್ಮೂರಿಗೆ ಬಂದಿತ್ತು. ಅಕ್ಕನಿಗೆ ತಲೆ ಸಿಡಿಯುವಂಥ ನೋವು, ಸೊಂಟ ಕಾಲುಗಳಲ್ಲಿ ಜೀವ ಹಿಂಡುವ ಸೆಳೆತ, ಕಣ್ಣು ಕೆಂಡದಂತೆ ಕೆಂಪು. ಹಳ್ಳಿಯಲ್ಲಿ ಇಂಥದಕ್ಕೆ ಇದ್ದ ಹೆಸರು ಬೆದರು ಜ್ವರ. ಹೆದರಿದವರ ಹೆದರಿಕೆ ಹೆದರಿದ ಜಾಗದಲ್ಲೇ ಉಳಿದಿರುತ್ತದಂತೆ. ಅಲ್ಲಿಗೆ ಹೋಗಿ, ಒಂದು ಹಿಡಿ ಮಣ್ಣು ತಂದು ನಿವಾಳಿಸಿ, ನೀರಿನಲ್ಲಿ ಕದಡಿ ಹಣೆಗೆ ಹಚ್ಚಿದರೆ ಇಳಿಯುತ್ತದಂತೆ. ಹಳ್ಳದ ದಂಡೆಯಲ್ಲಿ ಬೆದರಿದವರಿಗೆ ಹಳ್ಳದ ಮಣ್ಣು, ಸ್ಮಶಾನದ ದಾರಿಯಲ್ಲಿ ಬೆದರಿದವರಿಗೆ ಆ ದಾರಿಯ ಮಣ್ಣು. ಸಿನಿಮಾದಲ್ಲಿ ಬೆದರಿದವರಿಗೆ ಎಲ್ಲಿಯದು?

ಇದು ಆ ಮನೆಯವರು ನಿಜವಾಗಿ ಚರ್ಚಿಸಿದ ಪ್ರಶ್ನೆ, ನಗಬೇಡಿ. ಭಾವ ಸೊರಬಕ್ಕೆ ಹೋಗಿ ಟೆಂಟು ಇದ್ದ ಬಯಲಿನ ಮಣ್ಣು ತಂದು ಹಚ್ಚಿಯೂ ಆಗಿತ್ತು. ಜ್ವರ ಇಳಿಯಲಿಲ್ಲ. ಆಗ ನೀಲಮ್ಮ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ದೆವ್ವ ಇದ್ದದ್ದು ನೆಲದಲ್ಲಲ್ಲ, ಬಿಳಿ ಬಟ್ಟೆಯ ಮೇಲೆ. ಬಟ್ಟೆ ಹೋದ ಕಡೆ ಹೆದರಿಕೆಯೂ ಹೋಗಿದೆ. ಆದ್ದರಿಂದ ಸೊಸೆಯನ್ನು ಶಿಕಾರಿಪುರಕ್ಕೆ ಕರೆದೊಯ್ದು ಆ ಬಟ್ಟೆಯ ಎದುರೇ ನಿಲ್ಲಿಸಬೇಕು. ಇದರಲ್ಲಿ ಎಲ್ಲಿ ತಪ್ಪಿದೆಯೆಂದು ಹುಡುಕಿದ್ದೇನೆ. ಮೊದಲ ಹೆಜ್ಜೆಯೊಂದನ್ನು ಒಪ್ಪಿದರೆ ಉಳಿದದ್ದರಲ್ಲಿ ತಪ್ಪಿಲ್ಲ.

ಬಸ್ಸಿನಿಂದ ಅಕ್ಕನನ್ನು ಇಳಿಸಿಕೊಂಡಾಗ ಅವಳ ಮೈ ನನ್ನ ತೋಳನ್ನು ಸುಟ್ಟಿತು. ಅಂಗಡಿಯ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆವು. ನೀಲಮ್ಮ ನನ್ನನ್ನು ಸಾಕ್ಷಿಗೆ ನಿಲ್ಲಿಸಿದರು.

"ನೀನೂ ಇದ್ಯಲ್ಲೋ ಅವತ್ತು. ಇವಳು ಕೂಗಿದ್ದು ನಿಂಗೆ ಕೇಳ್ತೋ ಇಲ್ವೋ?"

ಕೇಳಿತ್ತು ಎಂದೆನೋ, ನಕ್ಕಂತಿತ್ತು ಎಂದೆನೋ. ಅಕ್ಕ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟಳು.

"ನಾ ಹೆದರಿಲ್ಲ ಕಣೋ ತಮ್ಮಾ. ನಕ್ಕೀನಿ. ಡಾಕ್ಟ್ರ ಹತ್ರ ಕರ್ಕೊಂಡ್ ಹೋಗು ಅಂದ್ರೆ ಸಿನಿಮಾಕ್ಕೆ ಕರ್ಕೊಂಡ್ ಬಂದಾರ."

ನಕ್ಕದ್ದಕ್ಕೇ ಹಿಡಿದಿದೆ ಎಂದರು ನೀಲಮ್ಮ. ದೆವ್ವವನ್ನು ನೋಡಿ ಹೆದರಿದವರನ್ನು ಅದು ಬಿಟ್ಟರೂ ಬಿಡಬಹುದು, ನಕ್ಕವರನ್ನು ಬಿಡುವುದಿಲ್ಲ. ಅಕ್ಕ ಹೆದರಿದೆನೆಂದರೂ ನಕ್ಕೆನೆಂದರೂ ದಾರಿ ಟೆಂಟಿಗೇ ಹೋಗುತ್ತಿತ್ತು. ಮೊದಲು ಅಲ್ಲಿಗೆ, ಆಮೇಲೆ ಡಾಕ್ಟರಲ್ಲಿಗೆ ಎಂದು ಭಾವ ನಡುವೆ ನಿಂತು ಒಪ್ಪಿಸಿದರು.

ಹಗಲಿನ ಹೊತ್ತು ಖಾಲಿ ಟೆಂಟನ್ನು ನೀವು ಎಂದಾದರೂ ನೋಡಿದ್ದೀರಾ? ಕತ್ತಲಲ್ಲಿ ದೆವ್ವವಾಡಿದ ಜಾಗ ಹಗಲಿನಲ್ಲಿ ಸಪ್ಪೆಯಾಗಿರುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಡೇರೆಯ ಹರಕುಗಳಿಂದ ಬಿಸಿಲು ಕಡ್ಡಿಕಡ್ಡಿಯಾಗಿ ಬಿದ್ದಿತ್ತು. ಮರಳಿನ ಮೇಲೆ ಹಿಂದಿನ ದಿನ ಕೂತವರ ಗುರುತುಗಳು, ಕಡಲೆಕಾಯಿ ಸಿಪ್ಪೆ, ಬಳೆಯ ಚೂರು. ಜನ ಒಮ್ಮೆಗೇ ಎದ್ದು ಎಲ್ಲಿಗೋ ಓಡಿಹೋದಂತಿತ್ತು. ಟೆಂಟಿನ ಆಪರೇಟರು ಬನಿಯನ್ನಿನಲ್ಲಿ ಮಲಗಿದ್ದವನು ಎದ್ದು ಬಂದ. ನೀಲಮ್ಮ ವಿಷಯ ಹೇಳಿದಾಗ ಅವನು ನಗಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದದ್ದು. ಸೊರಬದ ಕಡೆಯಿಂದ ಬಂದವರೇ ಎಂದು ಕೇಳಿ, ಸುತ್ತಿಟ್ಟಿದ್ದ ಬಿಳಿ ಪರದೆಯನ್ನು ಸುಮ್ಮನೆ ಇಳಿಬಿಟ್ಟು ದೂರ ಹೋಗಿ ನಿಂತ.

ಅಕ್ಕ ಅದರ ಎದುರು ನಿಂತಳು. ಅಷ್ಟು ಹತ್ತಿರದಿಂದ ನಾವ್ಯಾರೂ ಅದನ್ನು ನೋಡಿರಲಿಲ್ಲ. ತುಂಬ ತೇಪೆಗಳಿದ್ದವು, ಒಂದು ತೇಪೆಯ ನೂಲು ದಪ್ಪ, ಒಂದರದು ತೆಳು ಎಂದು ನನ್ನ ಅಂಗಡಿಯ ಕಣ್ಣು ತಾನಾಗಿಯೇ ಗುರುತಿಸಿತು. ಅಕ್ಕ ಕೈಚಾಚಿ ಬಟ್ಟೆಯನ್ನು ಮುಟ್ಟಿದಳು.

"ಇಷ್ಟು ಹರಕಿನ ಮೇಲೆ ಆಕೀ ಮುಖ ಅಷ್ಟು ಚೆಂದ ಹೆಂಗ್ ಕಂಡಿತ್ತು?" ಎಂದಳು.

ಅಷ್ಟರಲ್ಲಿ ಅವಳ ಮೂಗಿನಿಂದ ರಕ್ತ ಇಳಿಯಿತು. ಅವಳು ಅದನ್ನು ಬೆವರೆಂದು ತಿಳಿದು ಕೈಯಿಂದ ಒರೆಸಿಕೊಂಡಳು, ಆ ಕೈ ಮತ್ತೆ ಬಟ್ಟೆಗೆ ತಾಗಿತು. ನೀಲಮ್ಮ ಆ ಹೊತ್ತಿಗೆ ಬಗ್ಗಿ ಮುಷ್ಟಿಯಲ್ಲಿ ಮರಳು ಹಿಡಿದಿದ್ದರು. ತಲೆಯೆತ್ತಿ ಸೊಸೆಯ ಮುಖ ನೋಡಿದರು. ಮುಷ್ಟಿ ಬಿಚ್ಚಿತು.

"ಇದು ಅದಲ್ಲ. ರುದ್ರಾ, ಎತ್ಕೋ ಇವಳನ್ನ. ನಡಿ ಡಾಕ್ಟ್ರ ಹತ್ರ" ಎಂದರು.

ಮುಂದಿನದನ್ನು ನಾನು ಹಲವು ಬಗೆಯಲ್ಲಿ ಹೇಳಿದ್ದೇನೆ. ಒಂದರಲ್ಲಿ ಭಾವ ಅವಳನ್ನು ಎತ್ತಿಕೊಂಡು ಓಡುತ್ತಾರೆ. ಇನ್ನೊಂದರಲ್ಲಿ ಅಕ್ಕ ತಾನೇ ನಡೆಯುತ್ತಾಳೆ. ಡಾಕ್ಟರ ಕೋಣೆ ಮಾತ್ರ ಎಲ್ಲ ಬಗೆಯಲ್ಲೂ ಒಂದೇ. ಅವರು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, ಯಾವ ಕಡೆಯವರೆಂದು ಕೇಳಿದರು. ಕ್ಯಾಸನೂರಿನ ಹತ್ತಿರ ಎಂದರು ಭಾವ. ಡಾಕ್ಟರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ನಿಮ್ಮ ಕಡೆ ಮಂಗ ಸಾಯ್ತಾ ಇದಾವಾ?"

"ಸಾಯ್ತಾವ್ರೀ. ದನ ಮೇಯ್ಸೋ ಬ್ಯಾಣದಾಗೆ ಒಂದು ಬಿದ್ದಿತ್ತು. ಹನುಮಂತಪ್ಪ ಅಲ್ವಾ, ಹಂಗೇ ಬಿಡಕ್ಕಾಗುತ್ತಾ? ನಾನೇ ಹೊತ್ಕಂಡು ಹೋಗಿ, ಕುಂಕುಮ ಹಚ್ಚಿ ಮಣ್ಣು ಮಾಡಿ ಬಂದೆ."

ಎಲ್ಲರೂ ಭಾವನ ಹೆಗಲನ್ನು ನೋಡಿದೆವು. ಅಳುವ ಚಿತ್ರಕ್ಕೆ ಟವೆಲ್ಲು ಹಾಕಿಕೊಳ್ಳುತ್ತಿದ್ದ ಹೆಗಲು ಅದೇ. ಅಕ್ಕ ಮಂಗನನ್ನು ಮುಟ್ಟಿರಲಿಲ್ಲ. ಪಕ್ಕದ ಮನೆಯ ಹಾಲಮ್ಮನ ಜೊತೆ ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಗುಡಿಸಿ ತರಲು ಕಾಡಿಗೆ ಹೋಗಿದ್ದಳು, ಅಷ್ಟೆ. ಇದಕ್ಕೆ ಔಷಧಿ ಇದೆಯೆಂದು ಸುಳ್ಳು ಹೇಳಲಾರೆ ಎಂದರು ಡಾಕ್ಟರು. ಆ ಕಡೆ ಹಲವರು ಮಲಗಿದ್ದಾರೆ, ಏನೆಂದು ಹುಡುಕಲು ದೊಡ್ಡ ಡಾಕ್ಟರುಗಳು ಬಂದಿದ್ದಾರೆ, ನೀರು ಕುಡಿಸುತ್ತಿರಿ, ಈ ಊರಲ್ಲೇ ಇರಲಿ ಎಂದರು.

ಸಿನಿಮಾದ ಹೆದರಿಕೆಗೆ ಒಂದು ಉಪಕಾರವಿದೆ: ರೀಲು ಮುಗಿಯುತ್ತದೆ, ದೀಪ ಹತ್ತುತ್ತದೆ, ಪಕ್ಕದವನು ಏನೋ ಮಾತಾಡುತ್ತಾನೆ. ಅಕ್ಕ ನಮ್ಮ ಮನೆಯ ನಡುಕೋಣೆಯಲ್ಲಿ ಮಲಗಿದ್ದ ಆ ದಿನಗಳಲ್ಲಿ ಅಂಥ ಬಿಡುವು ಬರಲಿಲ್ಲ. ಜ್ವರ ಒಮ್ಮೆ ಬಿಟ್ಟಿತು. ಗಂಜಿ ಕುಡಿದಳು, ಎದ್ದು ಕೂತಳು, ಕಳ್ಳರಂತೆ ನಾವು ಸಂತೋಷಪಟ್ಟೆವು. ಮತ್ತೆ ಬಂತು. ಎರಡನೆಯ ಸಲ ಕೈಗಳು ನಡುಗಿದವು, ಕಣ್ಣು ಮಂಜಾಯಿತು, ಎದುರಿಗಿದ್ದ ನನ್ನನ್ನು ಯಾರೆಂದು ಕೇಳಿದಳು. ದೆವ್ವದ ಚಿತ್ರಗಳನ್ನು ಅಷ್ಟು ನೋಡಿದ್ದ ನನಗೆ, ಗುರುತು ಸಿಗದೆ ನನ್ನನ್ನೇ ನೋಡುತ್ತಿದ್ದ ಆ ಕಣ್ಣುಗಳ ಮುಂದೆ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ನೀಲಮ್ಮ ಸೊಸೆಯ ತುಟಿಗೆ ಬಟ್ಟೆಯ ತುದಿಯಿಂದ ಗಂಜಿತಿಳಿ ಹನಿಸುತ್ತ ಕೂತಿದ್ದರು.

ಭಾವ ಇದನ್ನೆಲ್ಲ ಆಮೇಲೆ ಹೇಳುವಾಗ ತಮಗೆ ಬೇಕಾದ ಚಿತ್ರವನ್ನೇ ಮಾಡಿಕೊಂಡರು. ಅದರಲ್ಲಿ ಮೊದಲು ಹಟಮಾರಿಯಾದ ಅತ್ತೆ, ನಡುವೆ ಸಂಕಟ, ಕೊನೆಗೆ ಸೊಸೆಯ ಹಾಸಿಗೆಯ ಪಕ್ಕ ಕಣ್ಣೀರು. ನಾನು ಹೇಳುವಾಗ ಅದು ದೆವ್ವದ ಚಿತ್ರವಾಗುತ್ತದೆ: ಖಾಲಿ ಟೆಂಟು, ರಕ್ತ ತಾಗಿದ ಬಿಳಿ ಬಟ್ಟೆ, ಕಾಡಿನಲ್ಲಿ ಕೊಂಬೆಯಿಂದ ಬೀಳುವ ಮಂಗಗಳು. ಆ ಮಂಗಗಳನ್ನು ನಾನು ನೋಡಿಯೇ ಇಲ್ಲ. ಎರಡು ಚಿತ್ರಗಳಿಗೂ ಅಂತ್ಯ ಇದೆ, ಕಾರಣ ಇದೆ. ಅದಕ್ಕೇ ಎರಡರ ಮೇಲೂ ನನಗೆ ಅನುಮಾನ. ನೀಲಮ್ಮನ ಮೂಢತನದಿಂದ ತಡವಾಯಿತೆಂದು ಕೋಪ ಬಂದಾಗಲೆಲ್ಲ, ಅವರ ಆ ಲೆಕ್ಕವೇ ಅವಳನ್ನು ಡಾಕ್ಟರಿರುವ ಊರಿಗೆ ತಂದಿತಲ್ಲ ಎನಿಸುತ್ತದೆ. ಹಾಗೆಂದು ಸಮಾಧಾನಪಟ್ಟಾಗಲೆಲ್ಲ, ಡಾಕ್ಟರು ತಮ್ಮ ಬಳಿ ಔಷಧಿಯೇ ಇಲ್ಲವೆಂದದ್ದು ನೆನಪಾಗುತ್ತದೆ.

ಸತ್ತ ಮಂಗಗಳ ಮೈಯಿಂದ ಉದುರಿ ಕಾಡಿನ ಎಲೆಗಳಲ್ಲಿ ಸೇರಿಕೊಳ್ಳುವ ಉಣ್ಣೆಹುಳು ಕಚ್ಚಿ ಇದು ಬರುತ್ತದೆಂದು ಆಮೇಲೆ ಎಲ್ಲರಿಗೂ ತಿಳಿಯಿತು, ಕಾಯಿಲೆಗೆ ಮಂಗನ ಹೆಸರೂ ಬಂತು. ಅಕ್ಕ ಬದುಕಿದಳು. ಕಣ್ಣಿನ ಮಂಜು ನಿಧಾನವಾಗಿ ಹೋಯಿತು, ಕೈಯ ನಡುಕ ಸ್ವಲ್ಪ ಉಳಿಯಿತು. ಅವಳ ಜೊತೆ ಅದೇ ದಿನ, ಅದೇ ಮರದ ಬುಡದಲ್ಲಿ ಎಲೆ ಗುಡಿಸಿದ ಹಾಲಮ್ಮ ಸತ್ತಳು. ಅವಳಿಗೆ ಸಿನಿಮಾ ನೋಡಿ ಗೊತ್ತೇ ಇರಲಿಲ್ಲ. ಸತ್ತ ಮಂಗನನ್ನು ಹೆಗಲ ಮೇಲೆ ಹೊತ್ತ ಭಾವನಿಗೆ ಒಂದು ದಿನವೂ ಮೈ ಬಿಸಿಯಾಗಲಿಲ್ಲ. ಮೂವರೂ ಓಡಾಡಿದ್ದು ಒಂದೇ ಕಾಡಿನಲ್ಲಿ. ಒಬ್ಬರನ್ನು ಮುಟ್ಟದೆ, ಒಬ್ಬರನ್ನು ಮುಟ್ಟಿ ಬಿಟ್ಟು, ಒಬ್ಬರನ್ನು ಒಯ್ದದ್ದು ಯಾಕೆ ಎಂದು ನಾನು ಕೇಳಿದ ಯಾರೂ ಹೇಳಲಿಲ್ಲ. ನನಗೂ ಗೊತ್ತಿಲ್ಲ.