ರೋಗಿಯ ಬದಲು ಕಾಗದವನ್ನು ಅಡ್ಡಾಡಿಸಿದ ಅಕ್ಕ

ಸರಕಾರಿ ಆರೋಗ್ಯ ವಿಮೆಯ ನಿಯಮಗಳನ್ನು ಬಾಯಿಪಾಠ ಮಾಡಿದವರು ಬೆಳಗಾವಿಯಲ್ಲಿ ಬಹಳ ಜನರಿದ್ದಾರೆ; ಅವು ರೋಗಿಗಾಗಿಯೇ ಇವೆ ಎಂಬುದನ್ನು ಮರೆಯದವರಲ್ಲಿ ಶ್ರೀಮತಿ ದಾನೇಶ್ವರಿ ಹುಣಶೀಕಟ್ಟಿಯವರಿಗೆ ನಾನು ಮೊದಲ ಮಣೆ ಹಾಕುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು, ವಿಮಾ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾಗುತ್ತಿರುವ, ನಾವೆಲ್ಲ ಅಕ್ಕ ಎಂದೇ ಕರೆಯುವ ಅವರ ಕೈಕೆಳಗೆ ಬೈಸಿಕೊಂಡು ಬೆಳೆದವನು ನಾನು. ಹೊಗಳಿಕೆಯನ್ನು ಉಳಿದವರು ಬರೆಯಲಿ, ನಾನು ಬೈಸಿಕೊಂಡದ್ದನ್ನೇ ಬರೆಯುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಖಾನಾಪುರದ ಹೆಂಚಿನ ಕಾರ್ಖಾನೆಯ ಕಾರ್ಮಿಕ ಕೃಷ್ಣಾಜಿಯವರನ್ನು ಹೆಂಡತಿ ಅಲಕಾ ಕರೆತಂದಿದ್ದರು. ಹೃದಯದ ಕವಾಟ ಕೆಟ್ಟಿತ್ತು, ಶಸ್ತ್ರಚಿಕಿತ್ಸೆ ತಡವಾದರೆ ಜೀವಕ್ಕೇ ಕುತ್ತು. ಖರ್ಚನ್ನು ವಿಮಾ ಯೋಜನೆಯೇ ಭರಿಸುತ್ತಿತ್ತು, ಆದರೆ ಅದಕ್ಕೆ ಬೇಕಾದ ತಾಲೂಕು ಆಸ್ಪತ್ರೆಯ ಶಿಫಾರಸು ಪತ್ರ ಅವರಲ್ಲಿರಲಿಲ್ಲ. "ಖಾನಾಪುರಕ್ಕ ಹೋಗಿ ಪತ್ರಾ ತಗೊಂಡು ಬರ್ರಿ" ಎಂದು ಕಳಿಸಿಬಿಟ್ಟೆ. ಊಟದ ಡಬ್ಬಿ ಬಿಚ್ಚುತ್ತ ಈ ಪರಾಕ್ರಮವನ್ನು ಅಕ್ಕನ ಮುಂದೆ ಹೇಳಿಯೂ ಹೇಳಿದೆ.

ಅವರು ಮುರಿದ ರೊಟ್ಟಿಯನ್ನು ಅಲ್ಲೇ ಬಿಟ್ಟೆದ್ದರು. "ಶಶಿಧರ, ನಾಕ ಮೆಟ್ಟಲಾ ಏರಿದ್ರ ತೇಕು ಹತ್ತೂ ಮನಷ್ಯಾನ್ನ ಬಸ್ಸಿಗೆ ಕಳಿಸೀಯಲ್ಲೋ! ಕಾಗದಕ್ಕೇನ್ ಎದಿನೋವು ಐತೇನು? ಅದು ಅಡ್ಡಾಡ್ಲಿ!"

ರಿಕ್ಷಾ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದೆವು. ಹೊರಡಲು ನಿಂತಿದ್ದ ಖಾನಾಪುರದ ಬಸ್ಸಿನ ಕಿಟಕಿಯಲ್ಲಿ ಅಲಕಾ ಕಂಡರು.

"ಅಲಕಾಬಾಯಿ, ಇಳೀರಿ! ಪತ್ರಾ ನಾ ತರಸ್ತೀನಿ."

"ಖರೇನ ಬಾಯಿ? ಮತ್ತ ಹಿಂದಕ್ಕ ಕಳಸಂಗಿಲ್ಲಲ್ಲ?"

"ಕಳಸಿದ್ರ ಇವನ್ನ ಕಳಸ್ತೀನಿ!" ಎಂದು ಅಕ್ಕ ನನ್ನನ್ನು ತೋರಿಸಿದರು. ಕೃಷ್ಣಾಜಿ ಆ ಏದುಸಿರಿನಲ್ಲೂ ನಕ್ಕರು. ಖಾನಾಪುರದ ವೈದ್ಯರಿಗೆ ಫೋನು ಹೋಯಿತು, ಸಂಜೆಯೊಳಗೆ ಪತ್ರ ಬಂತು, ಅದೇ ವಾರ ಶಸ್ತ್ರಚಿಕಿತ್ಸೆ ನಡೆದು ಅವರು ಗುಣವಾದರು.

ಅಕ್ಕ ಅಷ್ಟಕ್ಕೇ ಬಿಡುವವರಲ್ಲ. ಹೀಗೆ ತಿರುಗಿ ಹೋದವರ ಪಟ್ಟಿಯನ್ನು ಮೂರು ತಿಂಗಳು ಬರೆಸಿ ಮೇಲಧಿಕಾರಿಗಳ ಸಭೆಯಲ್ಲಿಟ್ಟರು. "ನಿಯಮ ಅಂದ್ರ ನಿಯಮ ಮೇಡಂ" ಎಂದರು ಒಬ್ಬ ಸಾಹೇಬರು. "ನಿಯಮ ಬ್ಯಾಡ ಅಂದಿಲ್ರೀ ಸಾಹೇಬ್ರ. ಪತ್ರಾ ಬರ್ಲಿ, ಆದ್ರ ಆಸ್ಪತ್ರಿಯಿಂದ ಆಸ್ಪತ್ರಿಗೆ ಬರ್ಲಿ." ವರ್ಷವಿಡೀ ಬೆನ್ನು ಹತ್ತಿ ಹಾಗೆಯೇ ಮಾಡಿಸಿದರು. ಖಾನಾಪುರದ ಆಸ್ಪತ್ರೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ತಿಳಿಹೇಳುವ ಸಿಬ್ಬಂದಿಯನ್ನು ಕೂರಿಸಿದ್ದೂ ಅವರೇ.

ಒಂದು ಮಾತು ಮಾತ್ರ ನನ್ನೊಳಗೆ ಕುಟುಕುತ್ತಿತ್ತು. ಕೃಷ್ಣಾಜಿಗಿಂತ ಮೊದಲು ಇನ್ನೂ ನಾಲ್ವರನ್ನು ನಾನು ಹಾಗೆಯೇ ಕಳಿಸಿದ್ದೆ. ಹೆದರುತ್ತ ಹೇಳಿದಾಗ ಅಕ್ಕ ಬೈಯಲಿಲ್ಲ. "ಹುಡಕೂಣು ನಡಿ" ಎಂದರು. ಭಾನುವಾರಗಳಲ್ಲಿ ಹಳ್ಳಿಹಳ್ಳಿ ತಿರುಗಿದೆವು. ಮೂವರು ಸಿಕ್ಕರು, ಚಿಕಿತ್ಸೆಯೂ ಆಯಿತು. ಸೊಂಟದ ಕೀಲು ಸವೆದಿದ್ದ ಗುರುಪಾದಪ್ಪನವರು ಮಾತ್ರ ಮಗಳ ಊರಿಗೆ ಹೋದವರು ಪತ್ತೆಯಾಗಲಿಲ್ಲ. ಇಷ್ಟು ವರ್ಷವೂ ಅಕ್ಕ ಅವರ ಬಗ್ಗೆ ಕೇಳುವುದನ್ನು ಬಿಡಲಿಲ್ಲ. ಮೊನ್ನೆ ಯುಗಾದಿಯ ಹೊತ್ತಿಗೆ ಅವರ ಸುಳಿವು ಸಿಕ್ಕಿತು, ಕೋಲೂರಿಕೊಂಡೇ ಬಂದ ಅವರಿಗೆ ಹೊಸ ಕೀಲು ಕೂತಿತು. ಆ ದಿನ ನಾನು ನಾಚಿಕೆ ಬಿಟ್ಟು ಅತ್ತೆ.

ಅಕ್ಕಾ, ನೂರು ವರ್ಷ ಗಟ್ಟಿಯಾಗಿರಿ, ನಮ್ಮಂಥವರನ್ನು ಬೈಯುವ ಕೆಲಸಕ್ಕೆ ಎಂದೂ ನಿವೃತ್ತಿ ಬೇಡ. ಸನ್ಮಾನದಂದು ನಿಮಗೆ ಹಾರ ಹಾಕುವವರು ಮಂತ್ರಿಗಳಲ್ಲ. ಗುರುಪಾದಪ್ಪನವರು ಹಾಕುತ್ತಾರೆ, ವೇದಿಕೆಯ ಮೆಟ್ಟಿಲನ್ನು ತಾವೇ ಹತ್ತಿ ಬಂದು.