ಎಡಗಡೆಯ ಹೂ ಬಿದ್ದ ಲೋಕ

ದೇವರ ಪಟದ ಮೇಲಿಟ್ಟ ಹೂ ಉದುರಿದರೆ ನಾನು ಮೊದಲು ನೋಡುವುದು ಅದು ಯಾವ ಕಡೆಗೆ ಬಿತ್ತು ಎಂದು. ಆಮೇಲೆ ನಾಚಿಕೆಯಾಗುತ್ತದೆ. ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಗುರುತ್ವಾಕರ್ಷಣೆಯ ಪಾಠ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ತೊಟ್ಟಿನ ನೀರು ಆರಿದರೆ ಹೂ ಬೀಳುತ್ತದೆ, ಗಾಳಿ ಎತ್ತ ಬೀಸುತ್ತದೋ ಅತ್ತ ಬೀಳುತ್ತದೆ, ಇದರಲ್ಲಿ ಇನ್ನೇನೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಹೂ ಬಲಗಡೆಗೆ ಬಿದ್ದ ದಿನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಬೇರೆಯವರಿಗೆಲ್ಲ ಬಲಗಡೆಯ ಹೂವೆಂದರೆ ಸಂತೋಷ, ನನಗೆ ಭಯ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರಿಸಬೇಡಿ, ನೇರವಾಗಿ ಹೇಳುವ ಧೈರ್ಯ ಈ ವಯಸ್ಸಿನಲ್ಲೂ ಬಂದಿಲ್ಲ.

ಕೆಲವು ವರ್ಷಗಳ ಹಿಂದೆ ವಾರಪತ್ರಿಕೆಯೊಂದರಲ್ಲಿ ಓದಿದೆ, ಇರುವುದು ಒಂದೇ ಜಗತ್ತಲ್ಲವಂತೆ. ಹೀಗೂ ಆಗಬಹುದು ಹಾಗೂ ಆಗಬಹುದು ಎನ್ನುವಂಥ ಕಡೆಯಲ್ಲೆಲ್ಲ ಜಗತ್ತು ಕವಲೊಡೆದು, ಒಂದರಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ನಡೆದುಹೋಗುತ್ತದಂತೆ. ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ, ಒಪ್ಪಿದವರೂ ಕಣ್ಣಿಗೆ ಕಾಣುವಂತೆ ತೋರಿಸಿಲ್ಲ. ನನಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಪೂಜಾರಿಗಳು ಮಂಗಳಾರತಿ ಎತ್ತುವಾಗ ‘ಅಖಿಲಾಂಡಕೋಟಿ ಬ್ರಹ್ಮಾಂಡ ನಾಯಕಿ’ ಎಂದು ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಕೋಟಿ ಬ್ರಹ್ಮಾಂಡ ಎಂದರೆ ಸಾಮಾನ್ಯದ ಮಾತೇ? ಆದರೆ ನಾವು ತೀರ್ಥಕ್ಕೆ ಕೈ ಚಾಚುವ ಅವಸರದಲ್ಲಿರುತ್ತೇವೆ. ಮಿಕ್ಕ ಬ್ರಹ್ಮಾಂಡಗಳಲ್ಲಿ ಏನು ನಡೆಯುತ್ತಿದೆ ಎಂದು ಯಾರೂ ವಿಚಾರಿಸುವುದಿಲ್ಲ. ನಾನು ಮಾತ್ರ ಲಂಗ ಉಡುವ ವಯಸ್ಸಿನಿಂದ ವಿಚಾರಿಸುತ್ತ ಬಂದಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ಅಪ್ಪನದು ಶಿಕಾರಿಪುರದಲ್ಲಿ ಜವಳಿ ಅಂಗಡಿ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಗಿರಿಜಾ ಮತ್ತು ನಾನು. ಅಕ್ಕನಿಗೆ ಒಂದೇ ವಾರದಲ್ಲಿ ಎರಡು ಸಂಬಂಧ ಬಂದವು. ಒಂದು ಅಂಜನಾಪುರದ್ದು, ಕೆರೆಯ ನೀರು ಹರಿಯುವ ಗದ್ದೆಯ ಮನೆ. ಇನ್ನೊಂದು ಸೊರಬದ ಆಚೆ ಕಾಡಂಚಿನ ಒಂದು ಹಳ್ಳಿಯದು. ಆ ಹಳ್ಳಿಯ ಹೆಸರು ಬೇಡ, ಅವರ ಮನೆಯವರು ಈಗಲೂ ಇದ್ದಾರೆ, ಒಳ್ಳೆಯವರು. ಎರಡೂ ಕಡೆ ನಮ್ಮ ಜನವೇ, ಎರಡೂ ಕಡೆ ಹುಡುಗ ಲಕ್ಷಣವಾಗಿದ್ದ. ಅಪ್ಪ ಸೀರೆ ಆರಿಸಲಾರದ ಗಿರಾಕಿಗಳನ್ನು ದಿನಾ ತಮಾಷೆ ಮಾಡುತ್ತಿದ್ದರು, ಈಗ ತಾವೇ ಹಾಗೆ ಕೂತರು. ಕೊನೆಗೆ ಕುಪ್ಪಗಡ್ಡೆಯ ಕಡೆಯ ನಮ್ಮ ಮೂಲದ ಅಮ್ಮನವರ ಹತ್ತಿರ ಹೂ ಕೇಳಿಬಿಡುವುದೆಂದು ಎಲ್ಲರನ್ನೂ ಬಸ್ಸು ಹತ್ತಿಸಿದರು.

ಹೂ ಕೇಳುವುದನ್ನು ನೀವು ನೋಡಿರಬಹುದು. ದೇವಿಯ ಎರಡೂ ಭುಜದ ಮೇಲೆ ಒದ್ದೆ ಹೂಗಳನ್ನು ಅಂಟಿಸುತ್ತಾರೆ. ಮನಸ್ಸಿನಲ್ಲಿರುವ ಕೆಲಸ ಆಗುತ್ತದೆಯೋ ಇಲ್ಲವೋ ಎಂದು ಕೇಳಿ ಕೈಮುಗಿದು ಕೂರಬೇಕು. ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಅಪ್ಪ ವ್ಯಾಪಾರಸ್ಥರು, ಎರಡು ಸಲ ಕೂರುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸಲು ನೋಡಿದರು. ಬಲಗಡೆ ಸೊರಬದವರಿಗೆ, ಎಡಗಡೆ ಅಂಜನಾಪುರದವರಿಗೆ ಎಂದರು. ಪೂಜಾರಿ ಬಸಪ್ಪನವರು ತಲೆ ಅಲ್ಲಾಡಿಸಿದರು.

“ಹಂಗೆ ಕೇಳಂಗಿಲ್ಲ ಕಣ್ರೀ ಸಾವ್ಕಾರ್ರೆ. ಒಂದು ಹುಡ್ಗನ ಹೆಸ್ರು ಹೇಳಿ, ಆಗ್ತದಾ ಬ್ಯಾಡ್ವಾ ಅಂತ ಕೇಳಿ. ಬ್ಯಾಡ ಅನ್ನಕ್ಕೂ ಅಮ್ಮಂಗೆ ಒಂದು ಜಾಗ ಇರ್ಬೇಕಲ್ಲ.”

“ಎರಡೂ ಛಲೋ ಮನೆತನ ರೀ,” ಎಂದರು ಅಪ್ಪ. “ಬ್ಯಾಡ ಅನ್ನೋ ಮಾತೇ ಇಲ್ಲ. ಯಾವುದು ಅಂತ ಹೇಳಿದ್ರೆ ಸಾಕು.”

ಹಾಗೆಯೇ ಕೂತೆವು. ಮುಂದೆ ಅಪ್ಪ, ಅವರ ಹಿಂದೆ ಅವ್ವ, ಅಕ್ಕ, ನಾನು. ಸ್ವಲ್ಪ ಹೊತ್ತಿಗೆ ಬಲಗಡೆಯ ದಾಸವಾಳ ಜಾರಿ ಬಿತ್ತು. ಬಲಗಡೆ ಎಂದಮೇಲೆ ಕೇಳಬೇಕೆ, ಎಲ್ಲರ ಮುಖವೂ ಅರಳಿತು. ಬಿದ್ದ ಹೂವನ್ನು ಅವ್ವ ಅಕ್ಕನ ಮುಡಿಗೆ ಸಿಕ್ಕಿಸಿದಳು. ವಾಪಸು ಬರುವ ಬಸ್ಸಿನಲ್ಲಿ ಅಕ್ಕ ನನ್ನ ಕಿವಿಯ ಹತ್ತಿರ ಬಂದು, “ಎರಡೂ ಬೀಳ್ದೆ ಹಂಗೇ ಇದ್ದಿದ್ರೆ ಅಪ್ಪ ಏನ್ ಮಾಡ್ತಿದ್ರೇ?” ಎಂದಳು. ನನಗೆ ನಗು ಬಂತು. ಅವಳು ನಗಲಿಲ್ಲ, ಕಿಟಕಿಯ ಕಡೆ ತಿರುಗಿದಳು.

ಮದುವೆಯಾಯಿತು. ಗುಡವಿಯ ಕೆರೆಯಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಒಮ್ಮೆ ನಾನು ಅಕ್ಕನ ಮನೆಗೆ ಹೋಗಿ ಬಂದೆ. ಅವಳು ಚೆನ್ನಾಗಿಯೇ ಇದ್ದಳು. ಮಳೆ ಕಳೆದು ಬೇಸಗೆ ಬರುವ ಹೊತ್ತಿಗೆ ಆ ಸೀಮೆಯ ಕಾಡುಗಳಲ್ಲಿ ಮಂಗಗಳು ಮರದಿಂದ ಬಿದ್ದು ಸಾಯತೊಡಗಿದವು. ಯಾಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಂಗನ ಕಾಯಿಲೆ ಎಂಬ ಹೆಸರೇ ಹುಟ್ಟಿರಲಿಲ್ಲ, ಒಣಗಿದ ಎಲೆಯೊಳಗಿನ ಉಣುಗು ಕಚ್ಚಿ ಅದು ಬರುತ್ತದೆಂಬುದು ಆಮೇಲೆ ತಿಳಿದ ಸಂಗತಿ. ಹಿತ್ತಲ ಹತ್ತಿರ ಸತ್ತು ಬಿದ್ದ ಮಂಗವನ್ನು ಆ ಮನೆಯವರು ಆಂಜನೇಯನೆಂದು ಅರಿಸಿನ ಕುಂಕುಮ ಹಾಕಿ ಮಣ್ಣು ಮಾಡಿದರಂತೆ. ಅಕ್ಕ ಮಿಕ್ಕ ಹೆಂಗಸರ ಜೊತೆ ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋದಳು, ಎಲ್ಲರೂ ಹೋಗುವಂತೆಯೇ. ನಾಲ್ಕಾರು ದಿನಕ್ಕೆ ಜ್ವರ ಬಂತು, ತಲೆ ಒಡೆದುಹೋಗುವಂಥ ನೋವು ಬಂತು, ಒಸಡಿನಿಂದ ರಕ್ತ ಬಂತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಸತ್ತವರನ್ನು ಕೂರಿಸುವ ನಮ್ಮ ಪದ್ಧತಿಯಂತೆ ಅವಳನ್ನು ಹೊರಗೆ ತಂದು ಕೂರಿಸಿದ್ದರು, ಕೊರಳಿಗೆ ಹಾರ ಹಾಕಿದ್ದರು. ಅದರಲ್ಲಿ ದಾಸವಾಳವೂ ಇತ್ತು. ನಾನು ಅಷ್ಟು ದುಃಖವನ್ನು ಮತ್ತೆಂದೂ ಪಟ್ಟಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಬ್ರಹ್ಮಾಂಡದ ಶೋಧನೆ. ಎಡಗಡೆಯ ಹೂ ಬಿದ್ದ ಲೋಕ ಒಂದಿರಲೇಬೇಕು. ಅದನ್ನು ನೋಡಲು ದುರ್ಬೀನು ಬೇಕಾಗಿರಲಿಲ್ಲ. ಸಂತೆಯ ದಿನ ಅದು ಅಂಜನಾಪುರದಿಂದ ಎತ್ತಿನ ಗಾಡಿಯಲ್ಲಿ ನಮ್ಮ ಅಂಗಡಿಗೇ ಬರುತ್ತಿತ್ತು. ಆ ಹುಡುಗನಿಗೆ ಬೇರೆ ಕಡೆ ಮದುವೆಯಾಗಿ, ಹೆಂಡತಿ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಜಂಪರಿನ ಬಟ್ಟೆ ಆರಿಸುತ್ತಿದ್ದಳು. ಅಪ್ಪ ಅವಳಿಗೆ ಮಾತ್ರ ಒಂದು ಗೇಣು ಹೆಚ್ಚಿಗೆ ಅಳೆದು ಹರಿಯುತ್ತಿದ್ದರು. ಅವಳು ಹೋದಮೇಲೆ ಮಡಿಸಿಟ್ಟ ಥಾನನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದರು.

ಇಲ್ಲಿಗೇ ದೇವರ ಪ್ರಶ್ನೆ ಬಂತು. ಕೋಟಿ ಲೋಕಗಳಿದ್ದು ಒಂದರಲ್ಲಿ ಬಲಗಡೆ, ಒಂದರಲ್ಲಿ ಎಡಗಡೆ ಹೂ ಬಿದ್ದಿದ್ದರೆ, ಎಲ್ಲವನ್ನೂ ಹೇಳಿದ ದೇವಿ ಏನನ್ನೂ ಹೇಳಲಿಲ್ಲ ಎಂದಾಯಿತು. ಇರುವುದು ಇದೊಂದೇ ಲೋಕವಾದರೆ, ಮಂಗಗಳ ವಿಷಯ ಆಕೆಗೆ ಗೊತ್ತಿತ್ತು, ಆದರೂ ಬಲಗಡೆ ಕೊಟ್ಟಳು ಎಂದಾಯಿತು. ಮೊದಲನೆಯದರಲ್ಲಿ ದೇವರು ಉಳಿಯುವುದಿಲ್ಲ, ಎರಡನೆಯದರಲ್ಲಿ ಉಳಿದರೂ ಮನೆಗೆ ಕರೆಯುವಂತಿಲ್ಲ. ಎಷ್ಟೋ ವರ್ಷ ಈ ಎರಡರ ನಡುವೆ ಸುತ್ತಿದೆ. ಪತ್ರಿಕೆಯಲ್ಲಿ ಆ ಲೇಖನ ಓದಿದಾಗ ಏನೋ ದೊಡ್ಡ ಸಮಾಧಾನ ಸಿಕ್ಕಿದವಳಂತೆ ಅವ್ವನ ಹತ್ತಿರ ಓಡಿದೆ. ಅವಳಿಗೆ ಆಗ ಕಣ್ಣು ಮಂಜಾಗಿತ್ತು, ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವ್ವಾ, ಇನ್ನೊಂದು ಲೋಕದಲ್ಲಿ ಅಕ್ಕ ಬದುಕಿರಬಹುದಂತೆ, ಮೊಮ್ಮಕ್ಕಳನ್ನು ಕಂಡಿರಬಹುದಂತೆ ಎಂದೆ. ಅವ್ವ ಕೈ ನಿಲ್ಲಿಸಲಿಲ್ಲ.

“ಛಲೋ ಆತು,” ಎಂದಳು. “ಅಲ್ಲಿರೋ ಅವರವ್ವ ಪುಣ್ಯ ಮಾಡಿದ್ಲು. ಸತ್ತಿದ್ದು ನನ್ನ ಮಗಳಲ್ವೇನೇ?”

ಅಲ್ಲಿಗೆ ಕೋಟಿ ಬ್ರಹ್ಮಾಂಡಗಳೂ ಅವರೆಸಿಪ್ಪೆಯ ಜೊತೆ ಎಮ್ಮೆಯ ಬಾನಿಗೆ ಹೋದವು. ನಾನೂ ಕಾಯಿ ಬಿಡಿಸಲು ಕೂತೆ. ಅವ್ವ ತಾನಾಗಿ, “ಅಮ್ಮಂದು ತಪ್ಪಿಲ್ಲ ಬಿಡು. ಬಸಪ್ಪನೋರು ಹೇಳಿದ್ರು, ಬ್ಯಾಡ ಅನ್ನಾಕೆ ಜಾಗ ಇರ್ಲಿಲ್ಲ,” ಎಂದಳು. ಎರಡು ಹೂವಿಗೂ ಎರಡು ಮನೆ ಕಟ್ಟಿಕೊಟ್ಟ ಮೇಲೆ ಪಾಪ ಆ ದೇವಿಯಾದರೂ ಎಲ್ಲಿ ನಿಂತು ಬೇಡ ಅನ್ನಬೇಕು?

ಅಪ್ಪ ದೇವರನ್ನು ಬಿಡಲಿಲ್ಲ. ಅಕ್ಕ ಹೋದ ಮೇಲೂ ವರ್ಷಕ್ಕೊಮ್ಮೆ ಕುಪ್ಪಗಡ್ಡೆಯ ಕಡೆ ಹೋಗುತ್ತಿದ್ದರು, ಕಾಯಿ ಒಡೆಸಿ ಕೈಮುಗಿದು ಬರುತ್ತಿದ್ದರು. ಕೇಳುವುದನ್ನು ಮಾತ್ರ ಬಿಟ್ಟರು. ಏನನ್ನೂ ಕೇಳದೆ ಕೈಮುಗಿಯುವ ಭಕ್ತಿ ಎಷ್ಟು ದೊಡ್ಡದೋ ಎಷ್ಟು ಬಡವಾದದ್ದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನನಗೂ ಮದುವೆಯ ವಯಸ್ಸಾಗಿ ಎರಡು ಮೂರು ಕಡೆಯಿಂದ ಮಾತು ಬಂದಾಗ, ಈ ಸಲವೂ ಬಸ್ಸು ಹತ್ತಿಸುತ್ತಾರೆಂದು ನಾನು ಹೆದರಿಕೊಂಡೇ ಇದ್ದೆ. ಒಂದು ಮಧ್ಯಾಹ್ನ ಅಪ್ಪ ಅಂಗಡಿ ಬಿಟ್ಟು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ನನ್ನನ್ನು ನೋಡದೆ, “ನಿನ್ನ ಮನಸ್ಸಿನಾಗೆ ಏನೈತವ್ವ?” ಎಂದರು.

ಓದಬೇಕು, ಮೇಷ್ಟ್ರಾಗಬೇಕು ಎಂದೆ. ಆಗಲಿ ಎಂದರು. ಅಷ್ಟೇ ನಡೆದದ್ದು. ಆದರೆ ಅವರು ಎದ್ದು ಅಂಗಡಿಗೆ ಹೋದಮೇಲೆ, ಬಸ್ಸಿನಲ್ಲಿ ಅಕ್ಕ ಕೇಳಿದ್ದಕ್ಕೆ ಉತ್ತರ ನನಗೆ ಸಿಕ್ಕಿತು. ಎರಡೂ ಹೂ ಬೀಳದೆ ಹಾಗೇ ಇದ್ದಿದ್ದರೆ, ಕಾದು ಕಾದು ಸಾಕಾಗಿ, ಅಪ್ಪ ಹಿಂದಕ್ಕೆ ತಿರುಗಿ ಅವಳನ್ನೇ ಕೇಳುತ್ತಿದ್ದರು. ಅದಕ್ಕೆ ಇನ್ನೊಂದು ಬ್ರಹ್ಮಾಂಡ ಬೇಕಾಗಿರಲಿಲ್ಲ. ಅವಳು ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಅವರ ಬೆನ್ನ ಹಿಂದೆ ಕೂತಿದ್ದಳು.